ಗಂಗವ್ವನ ಉಡಿ ತೊಯ್ಯಬಾರದೆಂದು

ಮೊನ್ನೆ ಅಡಿಗೆಮನೆಯ ನಳ ಸೋರತೊಡಗಿತೆಂದು ರಿಪೇರಿಯವನನ್ನು ಕರೆಸಿದ್ದೆ. ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು ದಡದಡನೆ ಒಳಗೆ ಬಂದವನು ನಳ ನೋಡಿದ್ದೇ ತಡ, ಹಿಂದಕ್ಕೆ ಸರಿದ. ಹೊರಗೆ ಹೋಗಿ ಚಪ್ಪಲಿ ಬಿಟ್ಟು, ಕಾಲಿಗೆ ನೀರು ಹಾಕಿಕೊಂಡು ಮತ್ತೆ ಬಂದ.

"ಅಕ್ಕೋರ, ಇದು ದೇವರ ನಳ ಏನ್ರಿ?"

ಅವನ ತಪ್ಪಿಲ್ಲ. ನಳದ ಕುತ್ತಿಗೆಯ ಹೊಳಪೆಲ್ಲ ಅರಿಶಿನದಲ್ಲಿ ಮುಚ್ಚಿಹೋಗಿದೆ. ಹಿಡಿಕೆಯ ಮೇಲೆ ಕುಂಕುಮದ ಐದು ಬೊಟ್ಟು ಕಲೆಯಾಗಿ ಕೂತಿವೆ. ನಿಂಬೆಹಣ್ಣು, ಹುಣಸೆಹುಳಿ, ಪಾತ್ರೆ ತಿಕ್ಕುವ ಪುಡಿ ಎಲ್ಲ ಹಾಕಿ ನೋಡಿ ನಾನು ಸೋತಿದ್ದೇನೆ. "ಅದರ ಕತಿ ಭಾಳ ದೊಡ್ಡದೈತಪ್ಪ, ನೀ ಬಿಚ್ಚು" ಎಂದೆ. ಅವನು ನಳಕ್ಕೊಮ್ಮೆ ಕೈ ಮುಗಿದು, ವಾಷರ್ ಬದಲಿಸಿ ಹೋದ. ನಾನು ಒಲೆಯ ಮೇಲಿನ ಹಾಲು ಉಕ್ಕುವವರೆಗೆ ಅಲ್ಲೇ ನಿಂತಿದ್ದೆ. ಆ ಕಲೆಗೆ ಅರ್ಧ ಕಾರಣ ನಮ್ಮ ಅತ್ತೆ, ಇನ್ನರ್ಧ ಕಾರಣ ನಾನು.

ನಮ್ಮ ಊರು ಗೋಕಾಕ. ಹೊರಗಿನವರಿಗೆ ಗೋಕಾಕ ಎಂದರೆ ಕರದಂಟು, ಇಲ್ಲವೆಂದರೆ ಜಲಪಾತ. ಕರದಂಟು ಕೊಂಡು, ಜಲಪಾತದ ಮುಂದೆ ಫೋಟೊ ತೆಗೆಸಿಕೊಂಡು ಬಸ್ಸು ಹತ್ತಿದವರಿಗೆ ಆ ಹೊಳೆಗೂ ಇಲ್ಲಿನ ಹೆಂಗಸರಿಗೂ ಎಂಥ ಸಲಿಗೆ ಇದೆಯೆಂದು ಹೇಗೆ ಗೊತ್ತಾಗಬೇಕು? ನಾವು ಘಟಪ್ರಭೆ ಎಂದು ಅನ್ನುವುದು ಸಾಲಿಯ ಪುಸ್ತಕದಲ್ಲಿ ಮಾತ್ರ. ಮನೆಯಲ್ಲಿ ಅವಳು ಹೊಳೆ, ಹಬ್ಬದ ದಿನ ಗಂಗವ್ವ. ಬೇಸಿಗೆಯಲ್ಲಿ ಬತ್ತಿದರೆ "ಪಾಪ, ಸೊರಗ್ಯಾಳ" ಎನ್ನುತ್ತಾರೆ. ಮಳೆಗಾಲದಲ್ಲಿ ಓಣಿಯೊಳಗೆ ನುಗ್ಗಿದರೆ "ಸೊಕ್ಕು ಬಂದೈತಿ ಅಕಿಗಿ" ಎಂದು ಬೈದು ಪಾತ್ರೆ ಪಡಗ ಅಟ್ಟಕ್ಕೆ ಏರಿಸುತ್ತಾರೆ. ಬೈಗುಳದಲ್ಲೂ ಒಂದು ಮನೆಯವರ ಸಲಿಗೆ ಇರುತ್ತದೆ.

ನಾನು ಹುಟ್ಟಿದ್ದು ಇದೇ ಹೊಳೆಯ ಮೇಲುಗಡೆ, ಹುಕ್ಕೇರಿ ತಾಲೂಕಿನ ದಡ್ಡಿಯಲ್ಲಿ. ಚಿತ್ರ ಕಲಿತದ್ದೂ ಹೊಳೆಯ ದಂಡೆಯಲ್ಲೇ ಎನ್ನಬೇಕು. ಆಷಾಢದ ಮಂಗಳವಾರ ಹುಡುಗಿಯರೆಲ್ಲ ಕೂಡಿ ಹೊಳೆಯ ಮಣ್ಣು ತಂದು ಗುಳ್ಳವ್ವನನ್ನು ಮಾಡುತ್ತಿದ್ದೆವು. ಗುಲಗಂಜಿಯ ಕಣ್ಣು, ಕುಸುಬಿ ಕಾಳಿನ ಸರ. ನಾನು ಮಾಡಿದ ಗುಳ್ಳವ್ವನಿಗೆ ಪ್ರತಿ ವರ್ಷ ಒಂದು ಕಣ್ಣು ಮೇಲೆ, ಒಂದು ಕಣ್ಣು ಕೆಳಗೆ. ಮರುದಿನ ಅವಳನ್ನು ಹೊಳೆಗೆ ಬಿಟ್ಟರೆ ಎಣಿಸಿ ಹತ್ತು ಅನ್ನುವುದರೊಳಗೆ ಕರಗಿಹೋಗುತ್ತಿದ್ದಳು. ನನ್ನ ತಪ್ಪುಗಳೆಲ್ಲ ಹಾಗೆ ಯಾರಿಗೂ ಕಾಣದಂತೆ ಹೋಗುತ್ತಿದ್ದುದರಿಂದಲೇ ನಾನು ದೊಡ್ಡ ಕಲಾವಿದೆ ಎಂಬ ಭ್ರಮೆ ನನ್ನಲ್ಲಿ ಉಳಿಯಿತು. ಆ ಭ್ರಮೆಯ ಬಲದ ಮೇಲೆ ಡ್ರಾಯಿಂಗ್ ಟೀಚರ್ ಆದೆ, ಗೋಕಾಕಕ್ಕೆ ಸೊಸೆಯಾಗಿ ಬಂದೆ. ನಾದಿನಿ ಕಸ್ತೂರಿಯನ್ನು ಕೊಟ್ಟದ್ದು ಮೂಡಲಗಿ ತಾಲೂಕಿನ ಒಂದು ಹಳ್ಳಿಗೆ, ಅದೂ ಇದೇ ಹೊಳೆಯ ಕೆಳಗಡೆ. ಹೀಗೆ ನನ್ನ ತವರಿನ ನೀರು ನಮ್ಮ ಮನೆ ದಾಟಿ ನಾದಿನಿಯ ಕಬ್ಬಿಗೆ ಹೋಗುತ್ತದೆ. ಬೀಗರ ನಡುವೆ ಇಷ್ಟು ನಿಯಮಿತವಾಗಿ ಓಡಾಡುವವರು ಬೇರೆ ಯಾರೂ ಇಲ್ಲ.

ದಸರೆ ಮುಗಿದ ಮೇಲಿನ ಸೀಗಿ ಹುಣ್ಣಿಮೆಗೆ ಹೊಲ ಇದ್ದವರು ಹೊಲಕ್ಕೆ ಹೋಗುತ್ತಾರೆ. ನಮ್ಮ ಓಣಿಯಲ್ಲಿ ಹೊಲ ಇಲ್ಲದವರೇ ಹೆಚ್ಚು, ನಾವು ಹೊಳೆಗೆ ಹೋಗುತ್ತೇವೆ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ, ಮೊಸರನ್ನ ಕಟ್ಟಿಕೊಂಡು ಮೆಟ್ಟಿಲ ಮೇಲೆ ಕೂರುತ್ತೇವೆ. ಮೊದಲು ಗಂಗವ್ವನಿಗೆ ಉಡಿ ತುಂಬುವುದು. ಕುಪ್ಪಸದ ಖಣ, ಕೊಬ್ಬರಿ, ಅಕ್ಕಿ, ಅಡಿಕೆ, ಅರಿಶಿನದ ಕೊಂಬು, ಹಸಿರು ಬಳೆ. ಮನೆಗೆ ಬಂದ ಮಗಳ ಉಡಿಯಲ್ಲಿ ಏನೇನು ಹಾಕಿ ಕಳಿಸುತ್ತೇವೋ ಅದೆಲ್ಲ ನೀರಿಗೆ. ಆಮೇಲೆ ಊಟ. ಊಟದ ಮೇಲೆ ನಮ್ಮ ಅತ್ತೆ ಶಿವಲಿಂಗವ್ವ ಹೇಳುವ ಕತೆ.

ಕತೆಯ ಮೊದಲೂ ಕೊನೆಯೂ ಓಣಿಗೆಲ್ಲ ಬಾಯಿಪಾಠ. ಗಂಗವ್ವ ಪಡುವಣ ಗುಡ್ಡದ ಮಗಳು, ಅಣ್ಣಂದಿರು ಅವಳನ್ನು ಮೂಡಣ ದಿಕ್ಕಿನ ಗಂಡನ ಮನೆಗೆ ಕರೆದೊಯ್ಯುತ್ತಿದ್ದಾರೆ, ಗೋಕಾಕದ ಬಂಡೆಯ ಮೇಲೆ ಬಂದವಳು ಅಲ್ಲಿಂದ ಜಿಗಿಯುತ್ತಾಳೆ. ಯಾಕೆ ಜಿಗಿದಳು ಎಂಬುದು ಮಾತ್ರ ವರ್ಷಕ್ಕೊಂದು. ಒಂದು ವರ್ಷ ಕಾಲುಂಗುರ ಕೆಳಗೆ ಬಿತ್ತೆಂದು. ಇನ್ನೊಂದು ವರ್ಷ ಕೆಳಗೆ ಯಾರೋ ಬದನೆಕಾಯಿ ಎಣ್ಣೆಗಾಯಿ ಮಾಡಿದ ವಾಸನೆ ಬಂತೆಂದು. ನಾನು ಮದುವೆಯಾಗಿ ಬಂದ ವರ್ಷ ಅತ್ತೆ ಎಲ್ಲರ ಎದುರು ನನ್ನನ್ನೇ ನೋಡುತ್ತ, "ಸಾರಿಗೆ ಉಪ್ಪು ಹಾಕೂದು ಮರತಿದ್ಲು, ಮಾರಿ ಹೆಂಗ ತೋರಸೂದು ಅಂತ ಜಿಗದ್ಲು" ಎಂದಿದ್ದರು. ಆ ದಿನ ಬೆಳಿಗ್ಗೆ ಉಪ್ಪು ಮರೆತವಳು ನಾನೇ.

ಈಗ ನನ್ನ ಪ್ರತಾಪದ ಮಾತು. ಮೆಟ್ಟಿಲ ಬಾಜೂಕ್ಕೆ ಒಂದು ಉದ್ದ ಗೋಡೆಯಿದೆ. ಅದರ ಬುಡದಲ್ಲಿ ಜನ ಕಸ ಸುರಿಯುತ್ತಿದ್ದರು, ಗಂಡಸರು ಮಾಡಬಾರದ್ದನ್ನು ಮಾಡುತ್ತಿದ್ದರು. ಸುಮ್ಮನಿರಲಾಗದೆ ಒಂದು ಬೇಸಿಗೆ ರಜೆಯಲ್ಲಿ ಗೋಡೆಗೆ ಸುಣ್ಣ ಹೊಡೆಸಿ ಗಂಗವ್ವನನ್ನು ಬರೆದೆ. ಆಳೆತ್ತರದ ಗಂಗವ್ವ, ಕೈಯಲ್ಲಿ ಕೊಡ, ಕೆಳಗೆ ವಾಹನವಾಗಿ ಮೊಸಳೆ. ನಾನು ಮೊಸಳೆಯನ್ನು ಕಂಡವಳಲ್ಲ. ನಮ್ಮ ಓಣಿಯಲ್ಲಿ ಕಟ್ಟಿಗೆಯ ಗೊಂಬೆ ಮಾಡಿ ಬಣ್ಣ ಹಚ್ಚುವ ಶಂಕ್ರಣ್ಣ ಬಂದು ನೋಡಿ, "ಅಕ್ಕೋರ, ಗಂಗವ್ವ ಚೊಲೊ ಬಂದಾಳ್ರಿ. ಖರೆ, ಹಲ್ಲಿ ಮ್ಯಾಲ ಯಾಕ ನಿಂತಾಳ?" ಎಂದ. ಶಂಕ್ರಣ್ಣನ ಮನೆಯಲ್ಲಿ ಮೂರು ತಲೆಮಾರಿನಿಂದ ಗೊಂಬೆಯ ಕೆಲಸ, ಅವನ ಮಾತನ್ನು ತೆಗೆದುಹಾಕುವಂತಿಲ್ಲ. ಆದರೂ ಆ ದಿನ ಸಿಟ್ಟು ಬಂತು.

ಕಸ ನಿಂತಿತು. ಗಂಡಸರು ಬೇರೆ ಗೋಡೆ ಹುಡುಕಿಕೊಂಡರು. ನಾನು ಸಾಲಿಯಲ್ಲಿ ತಲೆ ಎತ್ತಿ ಓಡಾಡಿದೆ. ಒಂದು ವಾರ ಕಳೆಯಿತು, ಚಿತ್ರದ ಮುಂದೆ ಎರಡು ಊದಿನಕಡ್ಡಿ ಕಂಡವು. ಇನ್ನೊಂದು ವಾರಕ್ಕೆ ತೆಂಗಿನಕಾಯಿಯ ಸಿಪ್ಪೆ, ಎಣ್ಣೆಯ ಬಾಟಲಿ. ಆಮೇಲೆ ದೇವರುಗಳು ಬರತೊಡಗಿದರು. ನಿಮ್ಮ ಮನೆಯಲ್ಲೂ ಇರುತ್ತದಲ್ಲ, ಗೆದ್ದಲು ಹಿಡಿದ, ಗಾಜು ಒಡೆದ ಹಳೆಯ ದೇವರ ಫೋಟೊ? ಇಟ್ಟುಕೊಳ್ಳಲಿಕ್ಕೆ ಮನಸ್ಸಿಲ್ಲ, ಕಸದ ಗಾಡಿಗೆ ಹಾಕಲಿಕ್ಕೆ ಧೈರ್ಯವಿಲ್ಲ. ಅಂಥ ಎಲ್ಲ ದೇವರಿಗೂ ಒಂದು ನೆಲೆ ಸಿಕ್ಕಿತು. ಮಮದಾಪುರದಿಂದ ಒಬ್ಬರು ಬೈಕಿನ ಮೇಲೆ ಮೂರು ದೇವರನ್ನು ಹಿಂದೆ ಕೂರಿಸಿ, ಹಗ್ಗದಿಂದ ಬಿಗಿದುಕೊಂಡು ಬಂದರು. "ಇಲ್ಲಿ ಬ್ಯಾಡ್ರಿ" ಎಂದೆ. "ಇಲ್ಲಿ ಅವ್ವ ಅದಾಳಲ್ರಿ, ನೋಡ್ಕೋತಾಳ" ಎಂದು ನನ್ನ ಚಿತ್ರಕ್ಕೆ ನಮಸ್ಕಾರ ಮಾಡಿ ಹೋದರು. ನಾನು ಗೋಡೆಯ ಮೇಲೆ ದೇವರನ್ನು ಬರೆದು ದೇವರಿಗೇ ವೃದ್ಧಾಶ್ರಮ ತೆರೆದಿದ್ದೆ. ಇದನ್ನು ಹೇಳುವಾಗ ಈಗಲೂ ನಗು ಬರುತ್ತದೆ, ಆಗ ಬರಲಿಲ್ಲ.

ಆ ವರ್ಷದ ಸೀಗಿ ಹುಣ್ಣಿಮೆಗೆ ಅತ್ತೆ ತಮ್ಮ ಉಡಿಯ ಗಂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿಗೆ ಮೂರು ಗಂಟು ಬಿಗಿದು, ಮೇಲೆ ದಾರ ಸುತ್ತಿದರು. ಓಣಿಯವರೆಲ್ಲ ಹಾಗೇ ಮಾಡುತ್ತಾರೆ.

"ಪ್ಲಾಸ್ಟಿಕ್ ಯಾಕ್ರಿ ಅತ್ತಿ?" ಎಂದೆ.

"ಮತ್ತ? ಅಕಿಗಿ ಮುಟ್ಟೂದ್ರಾಗ ಖಣ ತೊಯ್ದು ಹೋಗ್ಲೇನ?"

ಹೊಳೆಗೆ ಕೊಡುವ ಬಟ್ಟೆ ನೀರಿನಲ್ಲಿ ತೊಯ್ಯಬಾರದು. ಅತ್ತೆ ಉಡಿ ಬಿಟ್ಟು, ಕೈ ಮುಗಿದು, ನನ್ನ ಗಂಗವ್ವನಿಗೂ ಒಂದು ಬೊಟ್ಟು ಇಡೋಣವೆಂದು ಗೋಡೆಯ ಕಡೆಗೆ ಬರಿಗಾಲಲ್ಲಿ ಹೋದರು. ಯಾವುದೋ ದೇವರ ಗಾಜು ಅಂಗಾಲಿಗೆ ಹೊಕ್ಕಿತು.

ನಾಲ್ಕು ಹೊಲಿಗೆ ಬಿದ್ದವು. ದವಾಖಾನೆಯಿಂದ ಬಂದು ಕಾಟಿನ ಮೇಲೆ ಕಾಲು ಚಾಚಿ ಕೂತು, ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇನ್ನ ಮ್ಯಾಲ ನಾ ಹೊಳಿಗಿ ಬರೂದಿಲ್ಲವ್ವ ನೀಲಾ. ಅಲ್ಲಿ ವಾಸನಿ, ಹೊಲಸು, ಗಾಜು. ನಮ್ಮ ಮನ್ಯಾಗ ನಳ ಐತಿ. ನಳದಾಗ ಬರಾಕಿನೂ ಅಕಿನೇ ಹೌದಲ್ಲ?" ಎಂದರು. ಅವರ ಲೆಕ್ಕ ಸರಿಯಾಗಿಯೇ ಇತ್ತು. ನಳದ ನೀರೂ ಹೊಳೆಯದೇ.

ಅಂದಿನಿಂದ ನಮ್ಮ ಅಡಿಗೆಮನೆಯ ನಳಕ್ಕೆ ಅರಿಶಿನ ಕುಂಕುಮ ಶುರುವಾಯಿತು. ಹುಣ್ಣಿಮೆ ಬಂದರೆ ಹೂವಿನ ಮಾಲೆ ಬೇರೆ. ಮಾಲೆ ಜಾರದಂತೆ ಎತ್ತಿ ಹಿಡಿದು ನಾನು ಕುಕ್ಕರಿಗೆ ನೀರು ಹಿಡಿಯಬೇಕು. ಒಂದು ಹುಣ್ಣಿಮೆಗೆ ಅತ್ತೆ ಪೂಜೆ ಮುಗಿಸಿ, ಸಿಂಕಿನ ಹತ್ತಿರ ಸ್ಟೂಲ್ ಎಳೆದುಕೊಂಡು ಕೂತು, ನಳ ಸಣ್ಣಗೆ ಬಿಟ್ಟು ಕತೆ ಹೇಳತೊಡಗಿದರು. ಕೇಳುವವಳು ನಾನೊಬ್ಬಳೇ. ಗಂಗವ್ವ ಗುಡ್ಡ ಇಳಿದಳು, ಬಂಡೆಯ ಮೇಲೆ ಬಂದು ನಿಂತಳು, ಕೆಳಗೆ ನೋಡಿದಳು. ಅಷ್ಟರಲ್ಲಿ ನಳ ಸುಂಯ್ ಎಂದು ನಿಂತುಹೋಯಿತು. ಟಾಕಿ ಖಾಲಿಯಾಗಿತ್ತು.

"ಹ್ವಾದ್ಲು ನೋಡು" ಎಂದರು ಅತ್ತೆ.

ನಾನು ನಕ್ಕೆ. ಅವರು ನಗಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದು ಹೋದರು. ನನಗೆ ಬಹಳ ಕೆಡುಕೆನಿಸಿತು. ಸಂಕ್ರಮಣಕ್ಕೆ ಓಣಿಯವರೆಲ್ಲ ಹೊಳೆಗೆ ಹೋದಾಗಲೂ ಅತ್ತೆ ಬರಲಿಲ್ಲ. ನಾವು ಬುತ್ತಿ ಬಿಚ್ಚಿ ಉಂಡು, ಒಬ್ಬರ ಮುಖ ಒಬ್ಬರು ನೋಡಿ, ಮೊಬೈಲು ತೆಗೆದೆವು. ಮಧ್ಯಾಹ್ನಕ್ಕೇ ಎಲ್ಲರೂ ಮನೆಯಲ್ಲಿದ್ದೆವು. ಹೊಳೆಯನ್ನು ಕಾಪಾಡಲು ಹೊರಟು ಹೊಳೆಯ ಕತೆ ಹೇಳುವವರನ್ನೇ ಮನೆಯಲ್ಲಿ ಕೂರಿಸಿದೆನಲ್ಲ ಎಂಬ ಕೊರಗು ನನಗೆ ಹತ್ತಿತು. ಅವರನ್ನು ಹೇಗಾದರೂ ಮಾಡಿ ಆ ಮೆಟ್ಟಿಲಿಗೆ ಮತ್ತೆ ಕರೆತರಬೇಕು, ನನ್ನ ತಲೆಯಲ್ಲಿ ಇದೊಂದೇ ಉಳಿಯಿತು. ಕರೆದೆ, ಬೇಡಿಕೊಂಡೆ, ಕೈ ಹಿಡಿದು ನಡೆಸುತ್ತೇನೆಂದೆ. ಅತ್ತೆಯದು ಒಂದೇ ಮಾತು, "ನಳ ಐತಲ್ಲ."

ಮುಂದಿನ ಪಂಚಮಿಗೆ ಕಸ್ತೂರಿ ತವರಿಗೆ ಬಂದಳು. ಉಂಡಿಯ ಡಬ್ಬಿ ಕೆಳಗಿಡುವ ಮೊದಲೇ ಬ್ಯಾಗಿನಿಂದ ಏನೋ ತೆಗೆದು ಅತ್ತೆಯ ಮುಂದೆ ಇಟ್ಟಳು.

"ಯವ್ವಾ, ನೀ ಕಳಿಸಿದ ಉಡಿ ಬಂದು ಮುಟ್ಟೇತಿ ನೋಡು."

"ನಾ ಯಾವಾಗ ನಿನಗ ಉಡಿ ಕಳಿಸೇನ?"

ಪ್ಲಾಸ್ಟಿಕ್ ಚೀಲ, ಮೂರು ಗಂಟು, ಮೇಲೆ ದಾರ. ಒಳಗೆ ಕೊಬ್ಬರಿ ಕರ್ರಗಾಗಿತ್ತು, ಅಕ್ಕಿ ಹುಡಿಯಾಗಿತ್ತು. ಖಣ ಮಾತ್ರ ಅಂಗಡಿಯಿಂದ ಈಗ ತಂದಂತಿತ್ತು, ಹಸಿರು ಮೈ, ಕೆಂಪು ಅಂಚು.

"ಬ್ಯಾಸಿಗ್ಯಾಗ ಹೊಳಿ ಇಳದಿತ್ತು" ಎಂದಳು ಕಸ್ತೂರಿ. "ಮೋಟರ್ ಚಾಲೂ ಮಾಡಿದ್ರ ನೀರೇ ಬರವಲ್ದು. ಇವರು ಹೊಳ್ಯಾಗ ಇಳದು ಪೈಪಿನ ಬಾಯಿ ನೋಡಿದ್ರ, ಕಸ ತಡಿಯೂ ಜಾಳಗಿ ತುಂಬ ಬರೇ ಉಡಿ. ಹತ್ತ ಹನ್ನೆರಡು ಇದ್ದುವು. ಒಂದೊಂದೇ ಬಿಚ್ಚಿ ನೋಡೀನಿ, ಇದರಾಗ ನಾನೇ ನಿನಗ ಕೊಟ್ಟ ಖಣ."

ಓದುವವರಲ್ಲಿ ಗಂಡಸರಿದ್ದರೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಖಣ ಹೊಲಿಸಿಕೊಳ್ಳಲಿಕ್ಕೆ ಇರುವುದಲ್ಲ, ಮುಂದಿನ ಮನೆಗೆ ದಾಟಿಸಲಿಕ್ಕೆ ಇರುವುದು. ಯಾರು ಯಾರಿಗೆ ಯಾವ ಖಣ ಕೊಟ್ಟರು ಎಂಬುದು ಎಲ್ಲರಿಗೂ ನೆನಪಿರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ಮಗಳು ಕೊಟ್ಟ ಖಣವನ್ನು ತಾಯಿ ಹೊಳೆಗೆ ದಾಟಿಸಿದ್ದಳು, ಹೊಳೆ ಅದನ್ನು ಮಗಳಿಗೇ ದಾಟಿಸಿತ್ತು. ಅತ್ತೆ ಸಿಕ್ಕಿಬಿದ್ದ ಮುಖ ಮಾಡಿಕೊಂಡು, "ಬಣ್ಣ ನನಗ ಒಪ್ಪೂದಿಲ್ಲ ಅಂತ..." ಎಂದು ತಡವರಿಸಿದರು. ನನಗೂ ಕಸ್ತೂರಿಗೂ ನಗು ತಡೆಯಲಾಗಲಿಲ್ಲ. ಅತ್ತೆಯೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಷ್ಟೋ ತಿಂಗಳ ಮೇಲೆ ಅವರು ಹಾಗೆ ನಕ್ಕದ್ದು.

ನಗು ನಿಂತ ಮೇಲೆ ಖಣವನ್ನು ಮಡಿಲಲ್ಲಿ ಹಾಕಿಕೊಂಡು ಸವರಿದರು. "ಒಂದ ಹನಿ ತೊಯ್ದಿಲ್ಲ" ಎಂದರು. ಖಣವನ್ನು ಮತ್ತೆ ಮಡಚುತ್ತ, "ಹಂಗಾದ್ರ ಇಷ್ಟ ವರ್ಷ ನಾ ಕೊಟ್ಟದ್ದು ಅಕಿಗಿ ಮುಟ್ಟೇ ಇಲ್ಲಲ್ಲ" ಎಂದರು.

"ನನ್ನ ಪೈಪಿಗೆ ಮುಟ್ಟೇತಿ. ಕಬ್ಬು ವಾರಗಟ್ಟಲೆ ಬಾಡ್ತು" ಎಂದಳು ಕಸ್ತೂರಿ.

ಆ ದಿನ ಅತ್ತೆ ನಳಕ್ಕೆ ಅರಿಶಿನ ಕುಂಕುಮವನ್ನೂ ಹಚ್ಚಲಿಲ್ಲ. ಹೊಳೆಗೆ ಹೋಗೋಣವೇ ಎಂದು ಕೇಳಿದರೆ ಅದಕ್ಕೂ ಬೇಡವೆಂದರು.

ಮರುದಿನ ನಾನು ಶಂಕ್ರಣ್ಣನ ಮನೆಗೆ ಹೋದೆ. ಅವನು ಕಟ್ಟಿಗೆಯ ಬಾಳೆಹಣ್ಣಿಗೆ ಹಳದಿ ಹಚ್ಚುತ್ತಿದ್ದ. ಎಲ್ಲ ಹೇಳಿಕೊಂಡೆ. ಕುಂಚ ಕೆಳಗಿಡದೆ ಕೇಳಿಸಿಕೊಂಡ.

"ಅಕ್ಕೋರ, ಸಿಟ್ಟಾಗಬ್ಯಾಡ್ರಿ. ದೇವರನ್ನ ಬರದ್ರ ಮಂದಿ ಕೈ ಮುಗದು ಹೋಗ್ತಾರ. ಮಂದೀನ್ನ ಬರದ್ರ ನಿಂತು ನೋಡ್ತಾರ. ನಿಮ್ಮ ಗಂಗವ್ವನ್ನ ಅಳಸ್ರಿ."

ಸಿಟ್ಟಾಗಬೇಡಿ ಎಂದ ಮಾತ್ರಕ್ಕೆ ಸಿಟ್ಟು ಬರದೇ ಇರುತ್ತದೆಯೇ? ನಾನು ಬರೆದುದರಲ್ಲೆಲ್ಲ ಎರಡೂ ಕಣ್ಣು ಒಂದೇ ಸಾಲಿನಲ್ಲಿ ಬಂದದ್ದು ಅದೊಂದೇ ಚಿತ್ರ. ವಾರಗಟ್ಟಲೆ ಆಗುವುದಿಲ್ಲ ಎಂದುಕೊಂಡು ತಿರುಗಿದೆ. ಕೊನೆಗೆ ಒಂದು ಆದಿತ್ಯವಾರ ಓಣಿಯ ಹೆಂಗಸರು ಕೂಡಿ ದೇವರ ಫೋಟೊಗಳ ಗಾಜು ಕಟ್ಟು ಬಿಚ್ಚಿ ಬೇರೆ ಮಾಡಿದರು. ಕಾಗದವನ್ನೆಲ್ಲ ಶಂಕ್ರಣ್ಣ ಕೈ ಮುಗಿದು ಇಸಿದುಕೊಂಡ. ನೆನೆಹಾಕಿ, ಅರೆದು, ಗೊಂಬೆಯ ಸಂದಿಗೆ ತುಂಬುವ ಮೆತ್ತಿಗೆಗೆ ಕೂಡಿಸುತ್ತೇನೆಂದ. ನಾನು ಕಣ್ಣು ಮುಚ್ಚಿಕೊಂಡು ಗಂಗವ್ವನ ಮುಖದ ಮೇಲೆ ಸುಣ್ಣ ಎಳೆದೆ. ಮೊಸಳೆಯ ಮೇಲೆ ಎಳೆಯುವಾಗ ಅಷ್ಟು ನೋವಾಗಲಿಲ್ಲ.

ಸಾಲಿ ಬಿಟ್ಟ ಮೇಲೆ ದಿನಾ ಸಂಜೆ ನಾನೂ ಶಂಕ್ರಣ್ಣನೂ ಗೋಡೆಯ ತುಂಬ ಹೊಳೆಯನ್ನು ಬರೆಯತೊಡಗಿದೆವು. ಎಡತುದಿಯಲ್ಲಿ ದಡ್ಡಿ, ಅಲ್ಲಿಂದ ಬಲಕ್ಕೆ. ಮನೆಗೆ ಬಂದು ಕೈಯ ಬಣ್ಣ ತೊಳೆಯುವಾಗ ಅತ್ತೆ ಬೇರೆಲ್ಲೋ ನೋಡುತ್ತ ಕೇಳುತ್ತಿದ್ದರು.

"ಇವತ್ತ ಎಲ್ಲಿ ತನ ಬಂತು?"

"ಹಿಡಕಲ್ ಡ್ಯಾಮಿನ ತನ ರಿ."

"ಡ್ಯಾಮಿನ ಕೆಳಗ ಮೀನ ಹಿಡಿಯವ್ರನ್ನ ಹಾಕು. ಕೌಜಲಗಿ ಕಡಿ ಮಂದಿ ಎತ್ತ ಮೈ ತೊಳಿಯಾಕ ಬರತಿದ್ರು, ಅವರನ್ನೂ ಹಾಕು. ಒಂದ ಎತ್ತಿಗೆ ಕ್ವಾಡ ಮುರದಿರಲಿ."

ಅವರು ಹೇಳಿದಂತೆ ಹಾಕಿದೆವು. ಕೊಡ ಹೊತ್ತವಳು, ಹಾಸಿಗೆ ಒಗೆಯುವ ಅತ್ತೆ-ಸೊಸೆ, ಒಣ ಸೋರೆಬುರುಡೆ ಬೆನ್ನಿಗೆ ಕಟ್ಟಿ ಈಜು ಕಲಿಯುವವನು. ಬಲತುದಿಯಲ್ಲಿ ಕಸ್ತೂರಿ, ಪೈಪಿನ ಬಾಯಿಯಿಂದ ಉಡಿಯ ಚೀಲ ಎಳೆದು ನಮ್ಮನ್ನೇ ದುರುಗುಟ್ಟಿ ನೋಡುತ್ತ. ಶಂಕ್ರಣ್ಣನ ಮಾತು ಖರೆಯಾಯಿತು. ಜನ ನಿಂತರು, ನೋಡಿದರು, ಇದು ನಮ್ಮ ದೊಡ್ಡಪ್ಪನ ಎತ್ತು ಎಂದು ಜಗಳವಾಡಿದರು. ಒಬ್ಬಳು ಎರಡು ಚೀಲ ಹಿಡಿದು ಬಂದವಳು ಕಸ್ತೂರಿಯ ಕಣ್ಣು ನೋಡಿ ಹಾಗೇ ತಿರುಗಿ ಹೋದಳೆಂದು ಓಣಿಯಲ್ಲಿ ಸುದ್ದಿ. ಕಸ್ತೂರಿಯ ಮುಂದೆ ಈವರೆಗೆ ಯಾರೂ ಕಾಯಿ ಒಡೆದಿಲ್ಲ.

ಸೀಗಿ ಹುಣ್ಣಿಮೆಗೆ ನಾಲ್ಕು ದಿನ ಇರುವಾಗ ಅತ್ತೆ ಕೇಳಿದರು, "ನಮ್ಮ ಗೋಕಾಕ ಮೆಟ್ಟಲ ಮ್ಯಾಲ ಯಾರ್ನ ಕುಂದರಿಸೀದಿ?"

"ಅಲ್ಲೊಂದು ಜಾಗಾ ಖಾಲಿ ಬಿಟ್ಟೇನ್ರಿ. ಕತಿ ಹೇಳಾಕಿ ಕುಂದರಬೇಕು. ನೋಡದ ಬರಿಯಾಕ ನನಗ ಬರೂದಿಲ್ಲ."

"ಇಷ್ಟ ವರ್ಷ ನನ್ನ ಮಾರಿ ನೋಡಿಲ್ಲೇನ?"

"ಮನ್ಯಾಗಿನ ಮಾರಿ ಬ್ಯಾರೆ ಐತ್ರಿ ಅತ್ತಿ."

ಹುಣ್ಣಿಮೆಯ ದಿನ ಬೆಳಿಗ್ಗೆ ಅತ್ತೆ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. "ಚಿತ್ರ ಅರ್ಧಾ ಉಳದ್ರ ಮಂದಿ ನಿನಗ ನಗತಾರ, ಅದಕ್ಕ ಬರಾಕತ್ತೇನಿ" ಎಂದರು. ನಾನು ಹೂಂ ಎಂದೆ. ಖುಷಿಯಲ್ಲಿ ನನಗೆ ಚಟ್ನಿಯ ಡಬ್ಬಿಯೇ ಮರೆತುಹೋಯಿತು.

ಕಸ್ತೂರಿಯೂ ಬಂದಿದ್ದಳು. ಹೆಂಗಸರು ಚೀಲ ತೆಗೆಯುವ ಮೊದಲೇ ಅತ್ತೆ ಮಗಳನ್ನು ಕೆಳಗಿನ ಮೆಟ್ಟಿಲ ಮೇಲೆ, ನೀರಿನಲ್ಲಿ ಕಾಲು ಬಿಟ್ಟು ಕೂರಿಸಿದರು. "ಅಕಿ ನೀರು ಕುಡದು, ಅಕಿ ನೀರಾಗ ಬೆಳದು ನಿಂತಾಕಿ ಇಕಿ. ಇಕಿ ಉಡಿ ತುಂಬಿದ್ರ ಅಕಿ ಉಡಿ ತುಂಬಿದಂಗ" ಎಂದು, ಅದೇ ಹಸಿರು ಖಣವನ್ನು ಕಸ್ತೂರಿಯ ಉಡಿಗೆ ಹಾಕಿದರು. ಹೊಳೆಗೆ ಒಂದು ಚಿಟಿಕೆ ಅರಿಶಿನ, ನಾಲ್ಕು ಕಾಳು ಅಕ್ಕಿ. ಹಿರಿಯಳು ಮಾಡಿದ ಮೇಲೆ ಯಾರು ಇಲ್ಲವೆನ್ನುತ್ತಾರೆ? ಒಬ್ಬರ ಉಡಿ ಒಬ್ಬರು ತುಂಬಿದರು. ಒಂದು ಚೀಲವೂ ನೀರಿಗೆ ಬೀಳಲಿಲ್ಲ. ಊಟವಾಯಿತು, ಕತೆಯೂ ಆಯಿತು. ಆ ವರ್ಷ ಗಂಗವ್ವ ಬಂಡೆಯಿಂದ ಜಿಗಿದದ್ದು, ಕೆಳಗಿನ ಊರಲ್ಲಿ ಪೈಪಿನ ಬಾಯಿ ಕಟ್ಟಿತೆಂದು ನಾದಿನಿ ಕೂಗಿದಳೆಂದು. ಕಸ್ತೂರಿ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಹೊತ್ತು ಇಳಿಯಿತು. ಹೆಂಗಸರು ಬುತ್ತಿಯ ಬಟ್ಟೆ ಝಾಡಿಸಿ ಮಡಚಿ, ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿದರು. ಕಸ್ತೂರಿಯೂ ಚಹಾಕ್ಕೆ ಇಡುತ್ತೇನೆಂದು ಮುಂದೆ ಹೋದಳು. ಅತ್ತೆ ಕೆಳಗಿನ ಮೆಟ್ಟಿಲಿಗೆ ಇಳಿದು, ಸೀರೆಯನ್ನು ತುಸು ಎತ್ತಿ, ಹೊಲಿಗೆ ಬಿದ್ದ ಕಾಲನ್ನು ನೀರಿನಲ್ಲಿ ಇಟ್ಟು ಕೂತರು. ನಾನು ಕಾಗದ ಪೆನ್ಸಿಲು ಹಿಡಿದು ಬಾಜೂಕ್ಕೆ ಬಂದೆ.

"ಅತ್ತಿ, ಒಂದೀಟು ಇತ್ತಾಗ ಮಾರಿ ಮಾಡ್ರಿ, ಬೆಳಕು ಹೋಗಾಕತ್ತೈತಿ."

ಅವರು ತಿರುಗಲಿಲ್ಲ.

"ಚಿತ್ರ ನ್ಯಾಳೆ ಬರಿ. ನ್ಯಾಳೆ ಬರ್ತೇನಿ" ಎಂದರು. "ಇವತ್ತ ನೀ ಮ್ಯಾಲ ಹೋಗಿ ಕುಂದರು. ಅಕಿ ಕೂಡ ಒಂದ ವರ್ಷದ ಮಾತು ಉಳದಾವ."